ಫೋರ್‌ವೀಲ್ ಹಾಕದಿದ್ದರೂ ಸವೆಯುವ ಟ್ರಾನ್ಸ್‌ಫರ್ ಕೇಸ್: ತೋಟದ ಜೀಪೊಂದರ ಪ್ರಕರಣ

ಈ ಜೀಪು ಒಂದೇ ಮಳೆಗಾಲದಲ್ಲಿ ನಮ್ಮ ಗ್ಯಾರೇಜಿಗೆ ಎರಡು ಸಲ ಬಂತು. ಎರಡನೆಯ ಸಲ ಬರುವಂತಾದದ್ದು ನನ್ನ ತಪ್ಪಿನಿಂದ. ಅದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಉಳಿದದ್ದನ್ನು ಬರೆಯುವುದು ಸುಲಭ.

ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ಜೀಪು. ವಿಲ್ಲಿಸ್ ಕುಲದ ಗಿಡ್ಡ ಚಾಸಿಸ್, ಡೀಸೆಲ್ ಎಂಜಿನ್, 1980ರ ದಶಕದ ನೋಂದಣಿ. ಗೊಬ್ಬರ, ಕಾಫಿ ಚೀಲ, ಆಳುಗಳು, ಮೋಟಾರ್ ಪಂಪು, ಒಮ್ಮೊಮ್ಮೆ ಹೆರಿಗೆ ನೋವಿನ ಹೆಂಗಸು, ಎಲ್ಲವನ್ನೂ ಹೊತ್ತ ಗಾಡಿ. ಜುಲೈ ಕೊನೆಯಲ್ಲಿ ಬಂದಾಗ ದೂರು ಎರಡೇ: ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ, ಕೆಳಗೆ ಎಣ್ಣೆ ಸೋರುತ್ತದೆ. ಹ್ಯಾಂಡ್‌ಬ್ರೇಕ್ ಇಲ್ಲದ್ದಕ್ಕೆ ತೋಟದವರು ತಮ್ಮದೇ ವ್ಯವಸ್ಥೆ ಮಾಡಿಕೊಂಡಿದ್ದರು. ಗಾಡಿ ನಿಲ್ಲುವ ಮೊದಲೇ ಹಿಂದಿನಿಂದ ಹುಡುಗನೊಬ್ಬ ಜಿಗಿದು ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ಕಲ್ಲು ಕೂಡ ಜೀಪಿನದೇ. ಸೀಟಿನ ಕೆಳಗೆ ಅದಕ್ಕೊಂದು ಜಾಗವಿತ್ತು.

ಈ ಜಾತಿಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ ಚಕ್ರದಲ್ಲಿ ಇರುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ (ಗೇರ್‌ಬಾಕ್ಸಿನಿಂದ ಬಂದ ಬಲವನ್ನು ಹಿಂದಿನ, ಬೇಕಾದಾಗ ಮುಂದಿನ ಚಕ್ರಗಳಿಗೂ ಹಂಚುವ ಪೆಟ್ಟಿಗೆ) ಹಿಂಬದಿಯಲ್ಲಿ, ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಹೊರಡುವ ಜಾಗದಲ್ಲಿ ಇರುತ್ತದೆ. ಅಲ್ಲಿಯ ಆಯಿಲ್ ಸೀಲ್ ಹೋದರೆ ಗೇರ್ ಎಣ್ಣೆ ನೇರವಾಗಿ ಬ್ರೇಕ್ ಶೂಗಳಿಗೆ ಇಳಿಯುತ್ತದೆ. ಹಾಗಾಗಿ ಎರಡು ದೂರಿಗೂ ಒಂದೇ ಉತ್ತರ ಎಂದುಕೊಂಡೆ. ಸೀಲ್ ಬದಲಿಸಿದೆ, ಶೂಗಳಿಗೆ ಹೊಸ ಲೈನಿಂಗ್ ಹಾಕಿಸಿದೆ. ಹಳೆಯ ಎಣ್ಣೆ ಇಳಿಸಿದಾಗ ಅದು ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಹಳ್ಳ ದಾಟುವ ಗಾಡಿ, ಬ್ರೀದರ್ (ಪೆಟ್ಟಿಗೆಯ ಗಾಳಿಕಿಂಡಿ) ಮೂಲಕ ನೀರು ಹೋಗಿದೆ ಎಂದುಕೊಂಡು ಹೊಸ ಎಣ್ಣೆ ತುಂಬಿ ಕಳಿಸಿಕೊಟ್ಟೆ. ಒಳಗೆ ನೀರು ಹೋಗಿ ಎಷ್ಟು ದಿನವಾಗಿದೆ, ಅಷ್ಟು ದಿನದಲ್ಲಿ ಅದು ಏನು ಮಾಡಿರಬಹುದು ಎಂದು ಕೇಳಿಕೊಳ್ಳಲಿಲ್ಲ. ಮೂರು ಗಾಡಿ ಬಾಗಿಲಲ್ಲಿ ಕಾದಿದ್ದವು ಎನ್ನುವುದು ಕಾರಣ, ಸಮಜಾಯಿಷಿ ಅಲ್ಲ.

ಸೆಪ್ಟೆಂಬರಿನಲ್ಲಿ ಜೀಪು ಕಣ್ಣಿಗೆ ಬೀಳುವ ಮೊದಲೇ ಅದರ ಕೂಗು ಕಿವಿಗೆ ಬಿತ್ತು. ಎಣ್ಣೆ ಮತ್ತೆ ಸೋರುತ್ತಿತ್ತು. ಹೊಸ ಲೈನಿಂಗ್ ನೆನೆದು ಹ್ಯಾಂಡ್‌ಬ್ರೇಕ್ ಮತ್ತೆ ಸತ್ತಿತ್ತು. ಅದರ ಮೇಲೆ, ಚೀಲ ಹೇರಿ ಏರು ಹತ್ತುವಾಗ ಟ್ರಾನ್ಸ್‌ಫರ್ ಕೇಸಿನ ಲೋ ಗೇರ್ (ವೇಗ ಕಡಿಮೆ, ಬಲ ಹೆಚ್ಚು) ತಾನಾಗಿಯೇ ಕಳಚಿಕೊಳ್ಳುತ್ತಿತ್ತು. ಏರಿನ ನಡುವೆ ಲೋ ಬಿಟ್ಟುಕೊಂಡರೆ ಎಂಜಿನ್ ಒಂದು ಕಡೆ, ಚಕ್ರ ಒಂದು ಕಡೆ, ಹ್ಯಾಂಡ್‌ಬ್ರೇಕೂ ಇಲ್ಲ. ಡ್ರೈವರ್ ಕಾಲು ಬ್ರೇಕಿನ ಮೇಲೆ ನಿಂತುಕೊಂಡು, ಹುಡುಗ ಕಲ್ಲು ಕೊಟ್ಟು ಹೇಗೋ ಪಾರಾಗಿದ್ದರು.

ತೋಟದ ಗೌಡರು ಸಿಟ್ಟಿನಲ್ಲಿರಲಿಲ್ಲ, ಬೇಸರದಲ್ಲಿದ್ದರು. "ಫೋರ್‌ವೀಲ್ ಹಾಕುವುದೇ ಇಲ್ಲ ಮಾರಾಯರೇ, ಹಾಕದ ಸಾಮಾನು ಸವೆಯುವುದು ಹೇಗೆ?" ಎಂದರು.

ಈ ಪ್ರಶ್ನೆಯನ್ನು ನಾನು ನೂರು ಸಲ ಕೇಳಿದ್ದೇನೆ. ಟ್ರಾನ್ಸ್‌ಫರ್ ಕೇಸ್ ಎಂದರೆ ಮುಂದಿನ ಚಕ್ರಗಳಿಗೆ ಬಲ ಕೊಡುವ ಪೆಟ್ಟಿಗೆ, ಲಿವರ್ ಎಳೆಯದಿದ್ದರೆ ಅದು ನಿದ್ದೆ ಮಾಡುತ್ತಿರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಕೆಲವು ಗಾಡಿಗಳಲ್ಲಿ ಅದು ಹೆಚ್ಚುಕಡಿಮೆ ನಿಜ ಕೂಡ. ಆದರೆ ಈ ಜೀಪುಗಳಲ್ಲಿ ಇರುವುದು ಸ್ಪೈಸರ್ 18, ಮುಂದೆ ಡಾನಾ 18 ಎಂದು ಹೆಸರಾದದ್ದು. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿಗೆ 1941ರಲ್ಲಿ ಬಂದ ವಿನ್ಯಾಸ. ಅಮೆರಿಕದ ನಾಗರಿಕ ಜೀಪುಗಳಲ್ಲಿ 1971ರವರೆಗೂ ನಡೆಯಿತು. ಗೇರ್‌ಬಾಕ್ಸಿನ ಬೆನ್ನಿಗೆ ಅಂಟಿಕೊಂಡಿರುವ ಈ ಎರಕದ ಪೆಟ್ಟಿಗೆಯಲ್ಲಿ ಹಿಂದಿನ ಶಾಫ್ಟ್ ಗೇರ್‌ಬಾಕ್ಸಿನ ನೇರಕ್ಕೆ ಇಲ್ಲ, ಬಲಕ್ಕೆ ಸರಿದಿದೆ. ಹಿಂದಿನ ಹೌಸಿಂಗಿನ (ಆಕ್ಸಲ್ ಕವಚದ) ಗುಂಡು ಮಧ್ಯದಲ್ಲಿರದೆ ಒಂದು ಪಕ್ಕಕ್ಕೆ ಇರುವುದನ್ನು ನೀವು ನೋಡಿರಬಹುದು, ಕಾರಣ ಇದೇ. ಅಷ್ಟು ದೂರ ಬಲ ದಾಟಿಸಲು ನಡುವೆ ಒಂದು ಗೇರ್ ಬೇಕು. ಅದನ್ನು ಇಂಟರ್‌ಮೀಡಿಯೆಟ್ ಗೇರ್ ಎನ್ನುತ್ತಾರೆ. ಟೂ‌ವೀಲೋ ಫೋರ್‌ವೀಲೋ, ಹೈಯೋ ಲೋಯೋ, ಜೀಪು ಒಂದು ಅಡಿ ಸರಿಯಬೇಕಾದರೂ ಬಲ ಈ ಒಂದು ಗೇರನ್ನು ದಾಟಿಯೇ ಹೋಗಬೇಕು. ಅದು ಕೂತಿರುವುದು ತಿರುಗದ ಒಂದು ಕಂಬಿಯ ಮೇಲೆ. ಗೇರಿಗೂ ಕಂಬಿಗೂ ನಡುವೆ ಸೂಜಿಯಂಥ ಬಿಡಿ ರೋಲರುಗಳ ಸಾಲು, ಎರಡೂ ತುದಿಗೆ ಕಂಚಿನ ಥ್ರಸ್ಟ್ ವಾಷರ್. ಎಣ್ಣೆ ಕಡಿಮೆಯಾದರೂ ಕೆಟ್ಟರೂ ಮೊದಲು ಅಳುವುದು ಈ ಜಾಗ.

ವಿನ್ಯಾಸ ಮಾಡಿದವರಿಗೂ ಇದು ಗೊತ್ತಿತ್ತು. ಯುದ್ಧಕಾಲದ ಜೀಪುಗಳಲ್ಲಿ ಈ ಕಂಬಿ ಮುಕ್ಕಾಲು ಇಂಚು ದಪ್ಪ. ಯುದ್ಧ ಮುಗಿದ ಮೇಲೆ ಒಂದೂ ಅರೆಕಾಲು ಇಂಚು, ಎಂದರೆ 28.6 ಮಿಲಿಮೀಟರ್, ಆಯಿತು. ಆಮೇಲೆ ಒಂದೂಕಾಲು ಇಂಚು. ಭಾರ ಬೀಳದ ಭಾಗವನ್ನು ಯಾರೂ ಎರಡೆರಡು ಸಲ ದಪ್ಪ ಮಾಡುವುದಿಲ್ಲ.

ಪೆಟ್ಟಿಗೆ ಬಿಚ್ಚುವ ಮೊದಲು ಶಬ್ದ ಎಲ್ಲಿಯದು ಎಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ಜುಲೈಯಲ್ಲಿ ಅಷ್ಟು ಮಾಡಿದ್ದರೂ ಸಾಕಿತ್ತು. ಮೊದಲು ಓಡಿಸಿ ನೋಡಿದೆ. ಟಾಪ್ ಗೇರಿನಲ್ಲೂ ಕೂಗು ಅಷ್ಟೇ ಇತ್ತು. ಟಾಪ್‌ನಲ್ಲಿ ಗೇರ್‌ಬಾಕ್ಸಿನ ಒಳಗೆ ಬಲ ನೇರ ಹೋಗುತ್ತದೆ, ಹಲ್ಲು ಹಲ್ಲಿನ ಮೇಲೆ ಭಾರ ಬೀಳುವುದಿಲ್ಲ. ಆದ್ದರಿಂದ ಅನುಮಾನ ಹಿಂದಕ್ಕೆ ಸರಿಯಿತು. ಇನ್ನುಳಿದದ್ದು ಟ್ರಾನ್ಸ್‌ಫರ್ ಕೇಸ್ ಅಥವಾ ಹೌಸಿಂಗ್. ಅವೆರಡನ್ನು ಬೇರೆ ಮಾಡಲು ಅಪ್ಪ ಕಲಿಸಿದ ಒಂದು ದಾರಿ ಇದೆ. ಗಾಡಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಟ್ರಾನ್ಸ್‌ಫರ್ ಲಿವರನ್ನು ಹೈ ಮತ್ತು ಲೋ ನಡುವೆ ನ್ಯೂಟ್ರಲ್‌ಗೆ ತಂದು, ಗೇರ್‌ಬಾಕ್ಸನ್ನು ಟಾಪ್‌ಗೆ ಹಾಕಿ ಕ್ಲಚ್ ಬಿಡುವುದು. ಆಗ ಇಂಟರ್‌ಮೀಡಿಯೆಟ್ ಗೇರ್ ತಿರುಗುತ್ತದೆ, ಪ್ರೊಪೆಲ್ಲರ್ ಶಾಫ್ಟ್ ತಿರುಗುವುದಿಲ್ಲ, ಹೌಸಿಂಗ್ ಸುಮ್ಮನಿರುತ್ತದೆ.

ಅಪ್ಪನಿಗೆ ಈಗ ಮಂಡಿ ಬಗ್ಗುವುದಿಲ್ಲ. ಆದರೂ ಗೋಣಿ ಹಾಸಿಕೊಂಡು ಕೆಳಗೆ ಸರಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕೇಸಿಗೆ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ ಕಣ್ಣು ಮುಚ್ಚಿದರು. ಹಿಂದಿನ ಬೇರಿಂಗ್ ಹತ್ತಿರ ಇಟ್ಟರು, ಇಲ್ಲವೆಂದು ತಲೆಯಾಡಿಸಿದರು. ಮುಂದಕ್ಕೆ ಸರಿಸಿದರು, ಮತ್ತೆ ತಲೆಯಾಡಿಸಿದರು. ಕೇಸಿನ ನಡುವಿಗೆ, ಕಂಬಿಯ ತುದಿ ಕಾಣುವಲ್ಲಿಗೆ ತಂದಾಗ ನನ್ನನ್ನು ಕರೆದು ಹಿಡಿಯನ್ನು ನನ್ನ ಕಿವಿಗೆ ಕೊಟ್ಟರು. ಹುರಿಯುವ ಬಾಣಲೆಯಲ್ಲಿ ಮರಳು ಕದಡಿದಂಥ ಸದ್ದು. ಗೇರಿನ ಕೂಗು ಒಂದೇ ಸ್ವರದಲ್ಲಿರುತ್ತದೆ. ಇದು ಹಾಗಿರಲಿಲ್ಲ, ನಡುವೆ ಒಡೆಯುತ್ತಿತ್ತು. ಎರಡು ತಿಂಗಳ ಹಿಂದೆ ಇದೇ ಜಾಗದ ಪಕ್ಕದಲ್ಲಿ ಸೀಲ್ ಬಡಿದು ಕೂರಿಸುತ್ತಿದ್ದವನು ನಾನು.

ಎಣ್ಣೆ ಇಳಿಸಿದೆವು. ನಾನು ತುಂಬಿದ ಎಣ್ಣೆ, ಎರಡೇ ತಿಂಗಳಿನದು. ಅಂಗೈ ಮೇಲೆ ಸ್ವಲ್ಪ ಹಾಕಿಕೊಂಡು ಬಿಸಿಲಿಗೆ ಹಿಡಿದರೆ ಬಂಗಾರದ ಪುಡಿಯಂತೆ ಹೊಳೆಯುತ್ತಿತ್ತು. ಅಯಸ್ಕಾಂತ ಆಡಿಸಿದರೆ ಆ ಹೊಳಪು ಕದಲುವುದಿಲ್ಲ. ಅದು ಕಂಚು, ಥ್ರಸ್ಟ್ ವಾಷರಿನದು. ಅಯಸ್ಕಾಂತಕ್ಕೆ ಅಂಟಿದ್ದು ಬೂದು ಕೆಸರು, ಅದರಲ್ಲಿ ಅಕ್ಕಿಯ ನುಚ್ಚಿನಷ್ಟು ಉದ್ದದ ಎರಡು ಉಕ್ಕಿನ ಚೂರು. ಸೂಜಿ ರೋಲರ್ ಒಂದು ತುಂಡಾಗಿದೆ ಎಂದು ಕೇಸ್ ಬಿಚ್ಚುವ ಮೊದಲೇ ಗೊತ್ತಾಯಿತು. ಹಳೆಯ ಜೀಪು ಇಟ್ಟುಕೊಂಡಿರುವವರು ಎಣ್ಣೆ ಬದಲಿಸುವಾಗ ಇಷ್ಟನ್ನಾದರೂ ನೋಡಬೇಕು. ಬೂದು ಕೆಸರು ತುಸು ಇದ್ದರೆ ಗಾಬರಿ ಬೇಡ. ಚಿನ್ನದ ಬಣ್ಣ ಕಂಡರೆ ಕೇಸಿನ ತಳದ ಮುಚ್ಚಳವನ್ನಾದರೂ ಬಿಚ್ಚಿ ಒಳಗೆ ನೋಡಿ. ಚೂರು ಸಿಕ್ಕರೆ ಗಾಡಿ ಹೊರಗೆ ಕಳಿಸಬೇಡಿ.

ಇನ್ನೊಂದು ವಿಷಯ. ಗೇರ್‌ಬಾಕ್ಸಿನ ಲೆವೆಲ್ ಬೋಲ್ಟ್ ಬಿಚ್ಚಿದಾಗ ಬೆರಳಿಗೆ ಎಣ್ಣೆ ಸಿಗಲಿಲ್ಲ. ಟ್ರಾನ್ಸ್‌ಫರ್ ಕೇಸಿನಲ್ಲೋ ನಾನು ಹಾಕಿದ್ದಕ್ಕಿಂತ ಹೆಚ್ಚು ಇತ್ತು. ಎರಡು ಪೆಟ್ಟಿಗೆಗಳ ನಡುವಿನ ಸೀಲ್ ಸವೆದು ಗೇರ್‌ಬಾಕ್ಸಿನ ಎಣ್ಣೆ ಹಿಂದಕ್ಕೆ ಹರಿದಿತ್ತು. ಬ್ರೀದರ್ ಕೆಸರು ಕಟ್ಟಿ ಮುಚ್ಚಿಹೋಗಿತ್ತು. ಬಿಸಿಯಾದಾಗ ಒಳಗಿನ ಗಾಳಿಗೆ ದಾರಿಯಿಲ್ಲದೆ, ಹೆಚ್ಚಾದ ಎಣ್ಣೆಯನ್ನು ಹೊಸ ಸೀಲಿನ ತುಟಿಯಿಂದ ಹೊರಗೆ ನೂಕಿತ್ತು. ಸೀಲ್ ಮೂರೇ ವಾರದಲ್ಲಿ ಹೋಯಿತು ಎಂದು ಸೀಲ್ ಮಾರಿದ ಅಂಗಡಿಯವನನ್ನು ಮನಸ್ಸಿನಲ್ಲೇ ಬೈದಿದ್ದೆ. ಸೀಲಿನ ತಪ್ಪು ಏನೂ ಇರಲಿಲ್ಲ.

ಕೇಸ್ ಇಳಿಸಿ ಬೆಂಚಿಗೆ ತಂದೆವು. ತಳದ ಮುಚ್ಚಳ ತೆಗೆದು, ಕಂಬಿಯನ್ನು ಹಿಡಿದಿರುವ ಲಾಕ್ ಪ್ಲೇಟ್ ಬಿಚ್ಚಿ, ಹಿತ್ತಾಳೆಯ ಸಲಾಕೆಯಿಂದ ಕಂಬಿಯನ್ನು ಹಿಂದಕ್ಕೆ ತಟ್ಟಿದರೆ ಹೊರಗೆ ಬರಬೇಕು. ಸಾಮಾನ್ಯವಾಗಿ ನಾಲ್ಕೈದು ಪೆಟ್ಟು ಬೇಕಾಗುತ್ತದೆ. ಇದು ಎರಡನೆಯ ಪೆಟ್ಟಿಗೆ ಕೈಗೆ ಬಂತು; ಆಗಲೇ ಎದೆ ಧಸಕ್ಕೆಂದಿತು. ಉಗುರು ಎಳೆದರೆ ಕಂಬಿಯ ಮೇಲೆ ಮೆಟ್ಟಿಲು ತಡೆಯುತ್ತಿತ್ತು. ಸವೆಯದ ತುದಿಯಲ್ಲಿ ಮೈಕ್ರೋಮೀಟರ್ 31.75 ತೋರಿಸಿತು, ರೋಲರ್ ಓಡುವಲ್ಲಿ 31.62. ನಮ್ಮ ಲೆಕ್ಕದಲ್ಲಿ ಐದು ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ). ಸವೆತಕ್ಕಿಂತ ಕೆಟ್ಟದ್ದು ಮೇಲ್ಮೈ: ನೀರು ನಿಂತಲ್ಲಿ ತುಕ್ಕು ತಿಂದ ಸಣ್ಣ ಸಣ್ಣ ಗುಳಿಗಳು, ಸಿಡುಬಿನ ಕಲೆಯಂತೆ. ಆ ಗುಳಿಗಳ ಮೇಲೆ ಓಡಿ ಓಡಿ ರೋಲರ್ ಒಡೆದಿತ್ತು. ಒಂದು ಥ್ರಸ್ಟ್ ವಾಷರ್ ಅರ್ಧಕ್ಕೆ ತೆಳುವಾಗಿತ್ತು. ಅದು ತಿರುಗದಂತೆ ಹಿಡಿಯುವ ಮೂಗು ಮುರಿದು, ವಾಷರ್ ಗೇರಿನ ಜೊತೆ ತಾನೂ ತಿರುಗಿ ಕೇಸಿನ ಗೋಡೆಯನ್ನು ಕೊರೆದಿತ್ತು.

ಇಷ್ಟೇ ಆಗಿದ್ದರೆ ಹೊಸ ಕಂಬಿ, ರೋಲರ್, ವಾಷರ್ ಹಾಕಿ ಮುಗಿಸಬಹುದಿತ್ತು. ಆದರೆ ಕಂಬಿ ಕೂರುವ ಕೇಸಿನ ತೂತೇ ಮೊಟ್ಟೆಯಾಕಾರಕ್ಕೆ ಹಿಗ್ಗಿತ್ತು. ಒಂದು ದಿಕ್ಕಿನ ಅಳತೆಗೂ ಅಡ್ಡ ಅಳತೆಗೂ 0.2 ಮಿಲಿಮೀಟರ್ ವ್ಯತ್ಯಾಸ. ಹೊರಗಿನಿಂದ ಯಾರೋ ಹಿಂದೆಂದೋ ಎಪಾಕ್ಸಿ ಹಿಟ್ಟು ಮೆತ್ತಿ ಸೋರಿಕೆ ನಿಲ್ಲಿಸಿದ್ದರು, ಅಂದರೆ ಕಾಯಿಲೆ ಹಳೆಯದು. ಲೋ ಗೇರ್ ಕಳಚುತ್ತಿದ್ದದ್ದೂ ಇಲ್ಲಿಂದಲೇ. ಕಂಬಿ ಓರೆಯಾದರೆ ಅದರ ಮೇಲಿನ ಗೇರೂ ಓರೆ. ಭಾರ ಬಿದ್ದಾಗ ಹಲ್ಲುಗಳು ಮಟ್ಟಸವಾಗಿ ಕೂಡದೆ, ಹೈ-ಲೋ ಬದಲಿಸಲು ಸರಿಯುವ ಸ್ಲೈಡಿಂಗ್ ಗೇರನ್ನು ಪಕ್ಕಕ್ಕೆ ತಳ್ಳುತ್ತವೆ. ಜೊತೆಗೆ ಹಿಂದಿನ ಔಟ್‌ಪುಟ್ ಶಾಫ್ಟಿಗೆ ಡಯಲ್ ಗೇಜ್ ಇಟ್ಟು ನೋಡಿದರೆ ಮುಂದೆ ಹಿಂದೆ 0.60 ಮಿಲಿಮೀಟರ್ ಆಟ. ಇರಬೇಕಾದದ್ದು ನಾಲ್ಕರಿಂದ ಎಂಟು ಥೌ, ಎಂದರೆ 0.10ರಿಂದ 0.20. ಲಿವರಿನ ರೈಲನ್ನು (ಗೇರ್ ಸರಿಸುವ ಸರಳನ್ನು) ಹಿಡಿಯುವ ಗುಂಡಿನ ಸ್ಪ್ರಿಂಗ್ ಕೂಡ ಸೋತಿತ್ತು. ಇಷ್ಟೆಲ್ಲ ಸೇರಿದ ಮೇಲೆ ಲೋ ನಿಲ್ಲುತ್ತಿದ್ದರೆ ಅದೇ ಆಶ್ಚರ್ಯ.

ಗೌಡರು ಚಹಾ ಕುಡಿಯಲು ಹೋದಾಗ ಡ್ರೈವರ್ ಬೆಂಚಿನ ಹತ್ತಿರ ಬಂದ. ಮುಂದಿನ ಶಾಫ್ಟಿಗೆ ಸೇರುವ ಡಾಗ್ ಹಲ್ಲುಗಳ ಮೂಲೆ ಉರುಟಾಗಿರುವುದನ್ನು ನಾನು ಬೆರಳಿನಿಂದ ಸವರುತ್ತಿದ್ದೆ. ಹಾಕದ ಫೋರ್‌ವೀಲಿನ ಹಲ್ಲು ಹೀಗೆ ಉರುಟಾಗುವುದಿಲ್ಲ. ನಾನು ಏನೂ ಕೇಳಲಿಲ್ಲ. ಅವನೇ ಹೇಳಿದ: "ಅಣ್ಣ, ಲೈನ್ ಮನೆ ಹತ್ತಿರದ ಏರಿಗೆ ಲೋ ಬೇಕೇ ಬೇಕು. ಲೋ ಹಾಕಬೇಕೆಂದರೆ ಫೋರ್‌ವೀಲ್ ಹಾಕಲೇಬೇಕಲ್ಲ."

ಅವನು ಹೇಳಿದ್ದು ಸರಿ. ಎರಡು ಲಿವರುಗಳ ರೈಲುಗಳ ನಡುವೆ ಒಂದು ಚಿಕ್ಕ ಇಂಟರ್‌ಲಾಕ್ ಇದೆ. ಲೋದಲ್ಲಿ ಬರುವ ಹೆಚ್ಚಿನ ಬಲವೆಲ್ಲ ಹಿಂದಿನ ಆಕ್ಸಲ್ ಒಂದರ ಮೇಲೆ ಬೀಳದಿರಲಿ ಎಂದು, ಮುಂದಿನ ಚಕ್ರ ಸೇರಿಸದೆ ಲೋ ಬೀಳದಂತೆ ಮಾಡಿದ್ದಾರೆ. ಕೆಸರಿನಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಆದರೆ ಆ ಏರಿಗೆ ಕೆಲವು ವರ್ಷಗಳ ಹಿಂದೆ ಕಾಂಕ್ರೀಟ್ ಹಾಕಿಸಿದ್ದರು. ಹಳೆಯ ಜೀಪಿನಲ್ಲಿ ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳ ನಡುವೆ ವ್ಯತ್ಯಾಸ ಹೊಂದಿಸಿಕೊಳ್ಳುವ ಡಿಫರೆನ್ಶಿಯಲ್ ಇಲ್ಲ. ಫೋರ್‌ವೀಲ್ ಬಿದ್ದರೆ ಎರಡೂ ಒಂದೇ ವೇಗದಲ್ಲಿ ತಿರುಗಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಓಡಬೇಕು. ಕೆಸರಾದರೆ ಚಕ್ರ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ, ಕಾಂಕ್ರೀಟ್ ಜಾರಗೊಡುವುದಿಲ್ಲ. ಆ ಸೆಳೆತವೆಲ್ಲ ಗೇರಿನ ಹಲ್ಲು, ಕ್ರಾಸ್ (ಶಾಫ್ಟಿನ ಕೀಲು), ಕಂಬಿಯ ಮೇಲೆ ಬೀಳುತ್ತದೆ. "ಮೇಲೆ ಹೋದ ಮೇಲೆ ಫೋರ್‌ವೀಲ್ ಲಿವರ್ ಬರುತ್ತಿತ್ತೇ?" ಎಂದು ಕೇಳಿದೆ. "ಬರುತ್ತಿರಲಿಲ್ಲ. ನಾಲ್ಕು ಅಡಿ ರಿವರ್ಸ್ ತೆಗೆದರೆ ಟಕ್ಕನೆ ಬಿಡುತ್ತಿತ್ತು" ಎಂದ. ಸೆಳೆತ ಕಟ್ಟಿಕೊಂಡಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಟೈರ್ ಕಡೆ ಕಣ್ಣು ಹೋದದ್ದು ಆಮೇಲೆ. ಹಿಂದೆ ಎರಡು ಹೊಸದು, ಮುಂದೆ ಎರಡು ಬೋಳು. ಸೈಜ್ ಒಂದೇ. ಅಂಗಳದಲ್ಲಿ ಚಾಕ್‌ಪೀಸಿನಿಂದ ಟೈರಿಗೂ ನೆಲಕ್ಕೂ ಗೆರೆ ಎಳೆದು, ಗಾಡಿಯನ್ನು ನೂಕಿ ಒಂದು ಸುತ್ತು ಉರುಳಿಸಿ ಟೇಪ್ ಹಿಡಿದೆವು. ಮುಂದಿನದು 2.18 ಮೀಟರ್, ಹಿಂದಿನದು 2.23. ಐದು ಸೆಂಟಿಮೀಟರ್ ಏನು ಮಹಾ ಎನ್ನಿಸುತ್ತದೆ. ಆದರೆ ನೇರ ರಸ್ತೆಯಲ್ಲೇ ಒಂದು ಕಿಲೋಮೀಟರಿಗೆ ಮುಂದಿನ ಚಕ್ರ ಹಿಂದಿನದಕ್ಕಿಂತ ಹತ್ತು ಸುತ್ತು ಹೆಚ್ಚು ತಿರುಗಬೇಕು, ಟ್ರಾನ್ಸ್‌ಫರ್ ಕೇಸ್ ಅದಕ್ಕೆ ಒಪ್ಪುವುದಿಲ್ಲ. ಎರಡು ಟೈರ್ ಉಳಿಸಿದ ದುಡ್ಡು ಎಲ್ಲಿ ಖರ್ಚಾಯಿತು ಎಂದು ಗೌಡರಿಗೆ ಹೇಳುವಾಗ ಡ್ರೈವರಿನ ಹೆಸರು ಎತ್ತಲಿಲ್ಲ. ಅವರೇ ಲೆಕ್ಕ ಹಾಕಿಕೊಂಡರೆಂದು ಕಾಣುತ್ತದೆ. ಅವನ ಕಡೆ ಒಮ್ಮೆ ನೋಡಿ ಸುಮ್ಮನಾದರು.

ಇನ್ನು ರಿಪೇರಿ. ಮೂರು ದಾರಿಯಿದ್ದವು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹಳೆಯ ಕೇಸ್ ಹುಡುಕುವುದು ಒಂದು. ನನಗೆ ಅದು ಇಷ್ಟವಿಲ್ಲ. ಯಾರ ಕಾಯಿಲೆಯನ್ನೋ ದುಡ್ಡು ಕೊಟ್ಟು ತರುವುದು. ಹೊಸ ಕೇಸ್ ಇನ್ನೊಂದು, ಗೌಡರು ಬೆಲೆ ಕೇಳಿ ಬೇರೆ ಮಾತು ತೆಗೆದರು. ಉಳಿದದ್ದು ಹಿಗ್ಗಿದ ತೂತುಗಳನ್ನು ಬೋರ್ ಮಾಡಿ ಬುಶ್ ಹಾಕುವುದು. ಇದನ್ನು ಒಪ್ಪುವ ಮೊದಲು ಅಪ್ಪ ಒಂದೇ ಷರತ್ತು ಹಾಕಿದರು: ಎರಡೂ ತೂತುಗಳ ಬೋರಿಂಗ್ ಒಂದೇ ಕಟ್ಟಿನಲ್ಲಿ ಆಗಬೇಕು. ಒಂದು ತುದಿ ಮುಗಿಸಿ, ಕೇಸ್ ತಿರುಗಿಸಿ ಕಟ್ಟಿ ಇನ್ನೊಂದು ತುದಿ ಮಾಡಿದರೆ ಕಂಬಿ ಮತ್ತೆ ಓರೆಯೇ. ಮಧ್ಯಬಿಂದುವನ್ನು ಹಿಗ್ಗಿದ ತೂತಿನಿಂದ ತೆಗೆಯಬಾರದು, ಸವೆಯದ ಔಟ್‌ಪುಟ್ ಬೇರಿಂಗ್ ತೂತಿನಿಂದ ಅಳೆದು ತೆಗೆಯಬೇಕು. ಕೂದಲೆಳೆಯಷ್ಟು ದೂರ ಸರಿದರೂ ಗೇರು ಆಯುಷ್ಯ ಪೂರ್ತಿ ಕೂಗುತ್ತದೆ. ಹಾಸನದ ಲೇತ್ ಒಂದರಲ್ಲಿ ಈ ಮಾತಿಗೆ ತಲೆದೂಗಿದ ಕೆಲಸಗಾರ ಸಿಕ್ಕಿದ. ಎರಕದ ಬುಶ್ ಒತ್ತಿ, ಕಡೆಯ ಅಳತೆಗೆ ಒಂದೇ ಕಟ್ಟಿನಲ್ಲಿ ಕೊರೆದು ಕೊಟ್ಟ. ಖರ್ಚು ಹೊಸ ಕೇಸಿನ ಮೂರನೆಯ ಒಂದು ಭಾಗದೊಳಗೇ ಮುಗಿಯಿತು.

ಬಿಡಿಭಾಗ ತರಲು ಹೋಗುವವರು ಹಳೆಯ ಕಂಬಿಯನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ "ಜೀಪಿನ ಇಂಟರ್‌ಮೀಡಿಯೆಟ್ ಶಾಫ್ಟ್" ಎಂದರೆ ದಪ್ಪದ್ದೋ ಸಣ್ಣದ್ದೋ ಎಂದು ಕೇಳುತ್ತಾರೆ, ಅಂದಾಜಿನಲ್ಲಿ ಹೇಳಿ ತಂದದ್ದು ಮೂಡಿಗೆರೆಗೆ ಬಂದ ಮೇಲೆ ಕೂರುವುದಿಲ್ಲ. ಇಂಟರ್‌ಮೀಡಿಯೆಟ್ ಗೇರನ್ನೂ ಸ್ಲೈಡಿಂಗ್ ಗೇರನ್ನೂ ಹೊಸದೇ ಹಾಕಿದೆವು. ಒಂದು ಹಳೆಯದು, ಒಂದು ಹೊಸದು ಹಾಕಿದರೆ ಹೊಸದರ ಹಲ್ಲು ಹಳೆಯದರ ಅಭ್ಯಾಸ ಕಲಿಯುತ್ತದೆ.

ಜೋಡಿಸುವಾಗ ತಾಳ್ಮೆ ಕೆಡಿಸುವುದು ಬಿಡಿ ರೋಲರುಗಳು. ಗೇರಿನ ಒಳಗೆ ಗ್ರೀಸ್ ಮೆತ್ತಿ ಒಂದೊಂದಾಗಿ ಅಂಟಿಸುತ್ತ ಹೋದರೆ ಕಂಬಿ ತೂರಿಸುವಾಗ ಎಲ್ಲವೂ ತಳಕ್ಕೆ ಉದುರುತ್ತವೆ. ಇದಕ್ಕೆ ಗೇರಿನ ಉದ್ದಕ್ಕೇ ಕತ್ತರಿಸಿದ, ಕಂಬಿಗಿಂತ ಕೂದಲಷ್ಟು ಸಣ್ಣ ತುಂಡೊಂದನ್ನು ಲೇತಿನಲ್ಲಿ ಮಾಡಿಸಿಕೊಂಡಿದ್ದೇವೆ. ಆ ತುಂಡನ್ನು ಒಳಗಿಟ್ಟು ರೋಲರ್ ತುಂಬಿ, ಎರಡೂ ತುದಿಗೆ ವಾಷರ್ ಅಂಟಿಸಿ, ಗೇರನ್ನು ಕೇಸಿನೊಳಗೆ ಇಳಿಸಿ, ನಿಜವಾದ ಕಂಬಿಯನ್ನು ಹಿಂದಿನಿಂದ ತಟ್ಟಿದರೆ ಅದು ಸುಳ್ಳು ಕಂಬಿಯನ್ನು ಮುಂದಕ್ಕೆ ನೂಕಿಕೊಂಡು ಬರುತ್ತದೆ. ಎರಡೂ ತುದಿ ಒಂದನ್ನೊಂದು ಬಿಡಬಾರದು. ವಾಷರಿನ ಮೂಗು ಕೇಸಿನ ಕಚ್ಚಿನಲ್ಲಿ ಕೂತಿದೆಯೇ ಎಂದು ಪ್ರತಿ ಪೆಟ್ಟಿಗೂ ಬೆರಳಿಟ್ಟು ನೋಡಬೇಕು. ನಮ್ಮ ಹುಡುಗ ಇದನ್ನು ಮೊದಲ ಸಲ ಮಾಡಿದ. ಮೂರನೆಯ ಪ್ರಯತ್ನಕ್ಕೆ ಕೂತಿತು.

ಔಟ್‌ಪುಟ್ ಶಾಫ್ಟಿನ ಆಟ ಸರಿಪಡಿಸಲು ಹಿಂದಿನ ಕ್ಯಾಪಿನ ಕೆಳಗಿನ ಶಿಮ್ (ತೆಳು ತಗಡು) ಕಡಿಮೆ ಮಾಡುತ್ತ ಬಂದು 0.12ಕ್ಕೆ ನಿಲ್ಲಿಸಿದೆವು. ಸೊನ್ನೆಗೆ ತಂದರೆ ಗಟ್ಟಿ ಎಂದು ಕೆಲವರು ತಿಳಿಯುತ್ತಾರೆ. ಟೇಪರ್ ಬೇರಿಂಗ್ ಬಿಸಿಯಾಗಿ ಸುಟ್ಟುಹೋಗುತ್ತದೆ. ನಡುವಿನ ಸೀಲ್, ಹಿಂದಿನ ಸೀಲ್, ಗುಂಡಿನ ಸ್ಪ್ರಿಂಗ್ ಹೊಸದು. ಬ್ರೀದರನ್ನು ತೊಳೆದು, ರಬ್ಬರ್ ನಳಿಗೆ ಸಿಕ್ಕಿಸಿ ಸೀಟಿನ ಕೆಳಗಿನವರೆಗೆ ಎತ್ತಿದೆವು. ಇನ್ನು ಹಳ್ಳದ ನೀರು ಅಷ್ಟು ಸುಲಭವಾಗಿ ಒಳಗೆ ಹೋಗದು. ಎಣ್ಣೆ ಜಿಎಲ್-4 ದರ್ಜೆಯ 90 ನಂಬರ್, ಸುಮಾರು ಒಂದೂವರೆ ಲೀಟರ್. ಒಳಗೆ ಕಂಚು ಇರುವುದರಿಂದ ದರ್ಜೆ ನೋಡಿಯೇ ಹಾಕಬೇಕು. ಗೇರ್‌ಬಾಕ್ಸಿಗೆ ಬೇರೆ, ಕೇಸಿಗೆ ಬೇರೆ. ಎರಡಕ್ಕೂ ಅವುಗಳ ಲೆವೆಲ್ ಬೋಲ್ಟ್ ಬಿಚ್ಚಿ ನೋಡಿಯೇ ತುಂಬಿದೆ.

ಹನ್ನೆರಡು ಚೀಲ ಹೇರಿಕೊಂಡು ಅದೇ ಕಾಂಕ್ರೀಟ್ ಏರಿಗೆ ಹೋದೆವು. ಲೋ ನಿಂತಿತು. ಏರಿನ ನಡುವೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಲು ಹೇಳಿದೆ; ಗಾಡಿ ಅಲುಗಲಿಲ್ಲ. ಹುಡುಗ ಆಗಲೇ ಕೆಳಗಿಳಿದು ಕಲ್ಲು ಕೊಟ್ಟಾಗಿತ್ತು. ತೆಗೆಯೋ ಎಂದರೆ ಡ್ರೈವರಿನ ಮುಖ ನೋಡಿದ. ಡ್ರೈವರ್ ನನ್ನ ಮುಖ ನೋಡಿದ. ಕಡೆಗೆ ನಾನೇ ಇಳಿದು ಕಲ್ಲು ತೆಗೆದೆ.

"ಇನ್ನೂ ಸ್ವಲ್ಪ ಕೂಗುತ್ತದಲ್ಲ?" ಎಂದು ಗೌಡರು ಕೇಳಿದರು. ಕೂಗುತ್ತದೆ. ಈ ಪೆಟ್ಟಿಗೆ ಹೊಸದಿದ್ದಾಗಲೂ ಕೂಗುತ್ತಿತ್ತು. ಒಂದೇ ಸ್ವರದಲ್ಲಿ ಇರುವವರೆಗೆ ಕೂಗಲಿ, ಸ್ವರ ಒಡೆದ ದಿನ ತನ್ನಿ ಎಂದೆ. ಮುಂದಿನ ಟೈರುಗಳ ಮಾತು ತೆಗೆದೆ, ಕಾಫಿ ಕೊಯ್ಲು ಮುಗಿಯಲಿ ಎಂದರು. ಹಾಗಾದರೆ ಅಲ್ಲಿಯವರೆಗೆ ಕಾಂಕ್ರೀಟ್ ಏರಿಗೆ ಲೋ ಬೇಡ, ಚೀಲ ಅರ್ಧ ಮಾಡಿ ಹೈಯಲ್ಲಿ ಎರಡು ಸಲ ಹೋಗಲಿ ಎಂದು ಡ್ರೈವರಿಗೆ ಅವರೆದುರಿಗೇ ಹೇಳಿದೆ.

ಇನ್ನೂರು ಕಿಲೋಮೀಟರ್ ಓಡಿದ ಮೇಲೆ ಎಣ್ಣೆ ಇಳಿಸಿ ನೋಡಿದೆವು. ಅಯಸ್ಕಾಂತಕ್ಕೆ ತೆಳುವಾದ ಬೂದು ಪದರ, ಚೂರು ಇಲ್ಲ. ಅಂಗೈಯಲ್ಲಿ ಬಿಸಿಲಿಗೆ ಹಿಡಿದಾಗ ಅಲ್ಲೊಂದು ಇಲ್ಲೊಂದು ಬಂಗಾರದ ಕಣ. ಹೊಸ ವಾಷರ್ ಕೂತುಕೊಳ್ಳುವಾಗ ಅಷ್ಟು ಬರುತ್ತದೆ ಎಂದರು ಅಪ್ಪ. ಹಿಂದೊಮ್ಮೆ ಎಣ್ಣೆಯ ಬಣ್ಣ ನೋಡಿಯೂ ಸುಮ್ಮನಾದವನು ನಾನು; ಈ ಸಲ ಇಳಿಸಿದ ಎಣ್ಣೆಯನ್ನು ಒಂದು ಗಾಜಿನ ಶೀಷೆಗೆ ತುಂಬಿ, ತಾರೀಖು ಬರೆದು, ಕಪಾಟಿನಲ್ಲಿ ಇಟ್ಟಿದ್ದೇನೆ. ಜನವರಿಯಲ್ಲಿ ಇಳಿಸಿದಾಗ ಪಕ್ಕದಲ್ಲಿಟ್ಟು ನೋಡಬೇಕು.